ಐದಾರು ಪೊಲೀಸರ ಊರಿನಲ್ಲಿ ಶಾಲೆಗೆ ಬಂದೂಕು ಬಂದಾಗ

ಅಮೆರಿಕದ ಶಾಲೆಯೊಂದರಲ್ಲಿ ಗುಂಡು ಹಾರಿದ ಸುದ್ದಿ ಬಂದಾಗಲೆಲ್ಲ ಇಲ್ಲಿ ಕೂತು ಓದುವವರು ಕೇಳುವುದು ಒಂದೇ: ಪೊಲೀಸರು ಏನು ಮಾಡುತ್ತಿದ್ದರು? ಅದಕ್ಕೆ ಉತ್ತರ ಹುಡುಕುವವರು ಮೊದಲು ಅಲ್ಲಿನ ಪೊಲೀಸ್ ವ್ಯವಸ್ಥೆ ನಮ್ಮದರಂತಿಲ್ಲ ಎಂಬುದನ್ನು ತಿಳಿಯಬೇಕು. ನಮ್ಮಲ್ಲಿ ಹೋಬಳಿ ಠಾಣೆಗೆ ಆಳು ಸಾಲದಿದ್ದರೆ ಎಸ್ಪಿ ಹೇಳಿದರೆ ಸಾಕು, ಜಿಲ್ಲಾ ಮೀಸಲು ಪಡೆಯ ವ್ಯಾನು ಬರುತ್ತದೆ. ಎಲ್ಲರಿಗೂ ಮೇಲೆ ಒಬ್ಬರೇ ಡಿಜಿಪಿ. ಅಮೆರಿಕದಲ್ಲಿ ಸುಮಾರು 18,000 ಬಿಡಿಬಿಡಿ ಪೊಲೀಸ್ ಸಂಸ್ಥೆಗಳಿವೆ. ಊರಿಗೊಂದು, ನಮ್ಮ ಜಿಲ್ಲೆಯಂಥ ಕೌಂಟಿಗೆ ಜನರೇ ಆರಿಸಿದ ಷೆರಿಫ್ ಎಂಬ ಪೊಲೀಸ್ ಮುಖ್ಯಸ್ಥ, ಕೆಲವು ಕಡೆ ಸರ್ಕಾರಿ ಶಾಲೆಗಳನ್ನು ನಡೆಸುವ ಶಾಲಾ ಜಿಲ್ಲೆಗೇ ತನ್ನದೊಂದು ಇಲಾಖೆ. ಊರಿನ ಪೊಲೀಸ್ ಇಲಾಖೆಗಳ ಪೈಕಿ ಹೆಚ್ಚುಕಡಿಮೆ ಅರ್ಧದಷ್ಟರಲ್ಲಿ ಪೂರ್ಣಾವಧಿ ಸಿಬ್ಬಂದಿ ಹತ್ತು ಮಂದಿಯೂ ಇಲ್ಲ. ರಜೆ, ರಾತ್ರಿ ಪಾಳಿ, ಕೋರ್ಟಿನ ಕೆಲಸ ಎಲ್ಲ ಕಳೆದರೆ ಮಂಗಳವಾರ ಬೆಳಿಗ್ಗೆ ಹನ್ನೊಂದಕ್ಕೆ ರಸ್ತೆಯಲ್ಲಿ ಉಳಿಯುವುದು ಒಬ್ಬರೋ ಇಬ್ಬರೋ.

ಶಾಲೆಯೊಳಗೆ ಬಂದೂಕುಧಾರಿ ನುಗ್ಗಿದಾಗ ಪೊಲೀಸರು ಏನು ಮಾಡಬೇಕೆಂಬ ಪಾಠ ಬಹುಕಾಲ ಈ ಒಬ್ಬಿಬ್ಬರನ್ನು ಲೆಕ್ಕಕ್ಕೇ ಹಿಡಿದಿರಲಿಲ್ಲ. 1966ರ ಆಗಸ್ಟ್ 1ರಂದು ಟೆಕ್ಸಸ್ ವಿಶ್ವವಿದ್ಯಾಲಯದ ಗೋಪುರದ ಮೇಲಿಂದ ಒಬ್ಬ ಗುಂಡಿನ ಮಳೆ ಸುರಿಸಿದ. ಇಂಥ ಘಟನೆಗಳ ಬೆನ್ನಿಗೇ ಲಾಸ್ ಏಂಜಲೀಸ್ ಪೊಲೀಸರು ಸ್ವಾಟ್ ಎಂಬ ವಿಶೇಷ ತಂಡ ಕಟ್ಟಿದರು, ಉಳಿದ ನಗರಗಳೂ ಹಿಂಬಾಲಿಸಿದವು. ತಮಾಷೆಯೆಂದರೆ ಅಂದು ಗೋಪುರ ಹತ್ತಿ ಅವನನ್ನು ಮುಗಿಸಿದ್ದು ಗಸ್ತಿನ ಸಾಮಾನ್ಯ ಪೊಲೀಸರು, ಜೊತೆಗೆ ಒಬ್ಬ ನಾಗರಿಕ. ಆದರೂ ಮುಂದಿನ ಮೂರು ದಶಕ ಗಸ್ತಿನವರಿಗೆ ಕಲಿಸಿದ್ದು ಇಷ್ಟೇ: ಸುತ್ತುವರಿ, ದಾರಿ ಮುಚ್ಚು, ಮಾತಿಗೆಳೆ, ಸ್ವಾಟ್ ಬರುವವರೆಗೆ ಕಾಯಿ. ಬ್ಯಾಂಕ್ ದರೋಡೆಕೋರ ಒತ್ತೆಯಾಳು ಹಿಡಿದಾಗ ಈ ಪಾಠ ಸರಿ. ಅವನಿಗೆ ಬೇಕಾದ್ದು ಹಣ, ತಪ್ಪಿಸಿಕೊಳ್ಳಲು ದಾರಿ. ಕೊಲ್ಲಲೆಂದೇ ಬಂದವನ ಜೊತೆ ಮಾತಿಗೇನಿದೆ?

1997–98ರಲ್ಲಿ ಮಿಸಿಸಿಪ್ಪಿಯ ಪರ್ಲ್, ಕೆಂಟಕಿಯ ವೆಸ್ಟ್ ಪಡೂಕಾ, ಅರ್ಕಾನ್ಸಾಸ್‌ನ ಜೋನ್ಸ್‌ಬೊರೊ ಹೀಗೆ ಸಾಲಾಗಿ ದಾಳಿಗಳಾದವು. ಒಂದೂ ದೊಡ್ಡ ನಗರವಲ್ಲ. ಜೋನ್ಸ್‌ಬೊರೊದಲ್ಲಿ 11 ಮತ್ತು 13 ವರ್ಷದ ಹುಡುಗರು ಬೆಂಕಿಯ ಅಲಾರಂ ಒತ್ತಿ, ಮಕ್ಕಳು ಹೊರಬಂದಾಗ ಕಾಡಿನ ಮರೆಯಿಂದ ಗುಂಡು ಹಾರಿಸಿದರು. ನಾಲ್ವರು ವಿದ್ಯಾರ್ಥಿನಿಯರು, ಒಬ್ಬ ಶಿಕ್ಷಕಿ ಸತ್ತರು. ಈ ಮೂರೂ ಕಡೆ ಪೊಲೀಸರು ಬರುವಷ್ಟರಲ್ಲಿ ಗುಂಡು ನಿಂತಿತ್ತು. ಅಲ್ಲೇ ಎಚ್ಚೆತ್ತುಕೊಳ್ಳಬಹುದಿತ್ತು. ಎಚ್ಚೆತ್ತಿದ್ದು ಮಾತ್ರ ಟಿವಿ ಕ್ಯಾಮೆರಾಗಳ ಮುಂದೆ ನಡೆದ ಕೊಲಂಬೈನ್ ಹೈಸ್ಕೂಲಿನ ದಾಳಿಯಿಂದ.

1999ರ ಏಪ್ರಿಲ್ 20, ಕೊಲೊರಾಡೊ. ಬೆಳಿಗ್ಗೆ 11.19ಕ್ಕೆ ಗುಂಡು ಶುರು. ಪಾಠದ ಪ್ರಕಾರ ಪೊಲೀಸರು ಹೊರಗೆ ನಿಂತು ಸುತ್ತುವರಿದರು. ಮೊದಲ ಸ್ವಾಟ್ ತಂಡ ಒಳಗೆ ಕಾಲಿಟ್ಟದ್ದು 47 ನಿಮಿಷದ ಮೇಲೆ. ಆ ದಿನ 13 ಜನರ ಸಾವಿಗೆ ಕಾರಣರಾದ ಇಬ್ಬರು ಹುಡುಗರು ಹೆಚ್ಚುಕಡಿಮೆ ಅದೇ ಗಳಿಗೆಯಲ್ಲಿ ತಮಗೇ ಗುಂಡು ಹಾರಿಸಿಕೊಂಡರು. ಮಹಡಿಯ ಕಿಟಕಿಯಲ್ಲಿ ಮಕ್ಕಳು ಬಿಳಿ ಹಲಗೆಯೊಂದನ್ನು ನಿಲ್ಲಿಸಿದ್ದರು: ಇಲ್ಲೊಬ್ಬರು ರಕ್ತ ಹರಿದು ಸಾಯುತ್ತಿದ್ದಾರೆ. ಆ ಶಿಕ್ಷಕರ ಬಳಿ ಪೊಲೀಸರು ತಲುಪಲು ಮೂರು ಗಂಟೆ ದಾಟಿತು. ಅವರು ಉಳಿಯಲಿಲ್ಲ.

ಅಲ್ಲಿಂದ ಪಾಠ ತಿರುವುಮುರುವಾಯಿತು. 2002ರಲ್ಲಿ ಸ್ಯಾನ್ ಮಾರ್ಕಸ್‌ನ ಟೆಕ್ಸಸ್ ಸ್ಟೇಟ್ ವಿಶ್ವವಿದ್ಯಾಲಯದಲ್ಲಿ, ಊರಿನ ಪೊಲೀಸರು ಮತ್ತು ಹೇಸ್ ಕೌಂಟಿ ಷೆರಿಫ್ ಕಚೇರಿ ಸೇರಿ 'ಅಲರ್ಟ್' ಎಂಬ ತರಬೇತಿ ಕೇಂದ್ರ ತೆರೆದರು. 2013ರಲ್ಲಿ ಅಲ್ಲಿನ ಕೇಂದ್ರ ತನಿಖಾ ಸಂಸ್ಥೆ ಎಫ್‌ಬಿಐ ಅದನ್ನೇ ದೇಶಕ್ಕೆಲ್ಲ ಮಾದರಿಯೆಂದು ಒಪ್ಪಿತು. ಶುರುವಿನಲ್ಲಿ ಎಲ್ಲೆಡೆ ಕಲಿಸಿದ್ದು ನಾಲ್ವರ ವಜ್ರಾಕಾರದ ವ್ಯೂಹ: ಮುಂದೆ ಒಬ್ಬ, ಎಡಬಲಕ್ಕೆ ಇಬ್ಬರು, ಹಿಂದೆ ನೋಡುತ್ತಾ ನಡೆಯಲು ಒಬ್ಬ. ಶಾಲೆಯ ಉದ್ದನೆಯ ಕಾರಿಡಾರಿಗೆ ಇದು ಚೆನ್ನಾಗಿಯೇ ಹೊಂದುತ್ತದೆ. ಹಳ್ಳಿಯ ಲೆಕ್ಕಕ್ಕೆ ಹೊಂದುವುದಿಲ್ಲ. ಇಬ್ಬರು ಪೊಲೀಸರ ಪಾಳಿಯಲ್ಲಿ ನಾಲ್ವರನ್ನು ಕಾಯುವುದೆಂದರೆ ಸ್ವಾಟ್‌ಗೆ ಕಾಯುವ ಹಳೆಯ ಚಾಳಿಯೇ ಬೇರೆ ವೇಷದಲ್ಲಿ ಬಂದಂತೆ.

ಕಾಯಲು ಎಷ್ಟು ಸಮಯ ಇರುತ್ತದೆ? 2000ದಿಂದ 2013ರವರೆಗಿನ 160 ದಾಳಿಗಳನ್ನು ಎಫ್‌ಬಿಐ ಪರಿಶೀಲಿಸಿತು. ಅವಧಿ ಗೊತ್ತಾದ 63ರಲ್ಲಿ 44 ದಾಳಿಗಳು ಐದು ನಿಮಿಷದೊಳಗೆ ಮುಗಿದಿದ್ದವು. ಅವುಗಳಲ್ಲೂ 23 ಎರಡೇ ನಿಮಿಷದಲ್ಲಿ. ವ್ಯೂಹ ನಾಲ್ವರಿಂದ ಇಬ್ಬರಿಗೆ, ಕೊನೆಗೆ ಒಬ್ಬನೇ ಒಳಹೋಗುವಲ್ಲಿಗೆ ಇಳಿದದ್ದು ಇಂಥ ಲೆಕ್ಕದಿಂದಲೇ. ಇದಕ್ಕೆ ತೆರುವ ಬೆಲೆಯೂ ಅದೇ ವರದಿಯಲ್ಲಿದೆ: ಪೊಲೀಸರು ದಾಳಿಕೋರನನ್ನು ಎದುರಿಸಿದ 45 ಘಟನೆಗಳಲ್ಲಿ 21ರಲ್ಲಿ ಪೊಲೀಸರೇ ಸತ್ತರು ಇಲ್ಲವೇ ಗಾಯಗೊಂಡರು. ಒಬ್ಬನೇ ನುಗ್ಗು ಎಂದು ಕಲಿಸುವವರು ಈ ಅಂಕಿಯನ್ನು ಮುಚ್ಚಿಡಬಾರದು.

ಒಬ್ಬನೇ ನುಗ್ಗುವವನಿಗೆ ಕಲಿಸುವುದೇನು? ಗುಂಡಿನ ಸದ್ದು ಕೇಳುತ್ತಿದ್ದರೆ ದಾರಿಯಲ್ಲಿ ಸಿಗುವ ಕೋಣೆಗಳನ್ನು ಬಿಟ್ಟು, ಗಾಯಾಳುಗಳನ್ನೂ ದಾಟಿ, ನೇರ ಸದ್ದಿನತ್ತ ಹೋಗಬೇಕು. ಹೊಸಬರಿಗೆ ಕಷ್ಟವಾಗುವುದು ಇದೇ. ಅಭ್ಯಾಸದಲ್ಲಿ ಗಾಯಾಳುವಿನ ಪಾತ್ರ ಹಾಕಿದವರು ಕಾಲು ಹಿಡಿದು ಅಳುತ್ತಾರೆ, ಪೊಲೀಸ್ ಬಗ್ಗುತ್ತಾನೆ, ಒಳಗಿನವನಿಗೆ ಇನ್ನಷ್ಟು ಸೆಕೆಂಡು ಸಿಗುತ್ತವೆ. ಸದ್ದು ನಿಂತರೆ ವೇಗ ಇಳಿಸಬೇಕು. ಕಿವಿಗೊಟ್ಟು, ಮೂಲೆ ಮೂಲೆಗೂ ಸ್ವಲ್ಪ ಸ್ವಲ್ಪವೇ ಸರಿಯುತ್ತಾ, ಪೂರ್ತಿ ಮೈ ತೋರಿಸದೆ ಕೋಣೆಯೊಳಗೆ ಇಣುಕಬೇಕು. ಆದರೆ ಸದ್ದು ನಿಂತಿತೆಂದು ಕೈಕಟ್ಟಿ ನಿಲ್ಲುವಂತಿಲ್ಲ. ಒಳಗೆ ಗಾಯಗೊಂಡ ಮಕ್ಕಳಿದ್ದರೆ ಅದು ಬಾಗಿಲು ಹಾಕಿಕೊಂಡು ಕೂತವನ ಪ್ರಕರಣವಲ್ಲ, ಕೊಲೆ ಇನ್ನೂ ನಡೆಯುತ್ತಲೇ ಇರುವ ಪ್ರಕರಣ.

ಈ ವ್ಯತ್ಯಾಸ ಮರೆತದ್ದರ ಫಲ ಉವಾಲ್ಡೆ. ಸುಮಾರು 15,000 ಜನರ ಟೆಕ್ಸಸ್ ಪಟ್ಟಣ. ದಾಳಿಗೆ ಎರಡು ತಿಂಗಳ ಮೊದಲು, 2022ರ ಮಾರ್ಚ್‌ನಲ್ಲಿ, ಅಲ್ಲಿನ ಶಾಲಾ ಜಿಲ್ಲೆಯ ಪೊಲೀಸರು ಇದೇ ವಿಷಯದ ತರಬೇತಿ ನಡೆಸಿದ್ದರು. ಮೇ 24ರಂದು ರಾಬ್ ಪ್ರಾಥಮಿಕ ಶಾಲೆಗೆ ದಾಳಿಕೋರ 11.33ಕ್ಕೆ ನುಗ್ಗಿದ, ಮೊದಲ ಪೊಲೀಸರು ಮೂರೇ ನಿಮಿಷದಲ್ಲಿ ಕಾರಿಡಾರಿನಲ್ಲಿದ್ದರು. ಇಲ್ಲಿಯವರೆಗೆ ಪಾಠದಂತೆಯೇ ನಡೆಯಿತು. ಕೋಣೆಯೊಳಗಿಂದ ಗುಂಡು ಬಂದು ಇಬ್ಬರಿಗೆ ಸವರಿದ ಕೂಡಲೇ ಹಿಂದೆ ಸರಿದರು. ಒಳಗಿನವನು ಬಾಗಿಲು ಹಾಕಿಕೊಂಡು ಕೂತಿದ್ದಾನೆ ಎಂದುಕೊಂಡರು, ಮುಂದಿನದ್ದೆಲ್ಲ ಕೀಲಿಕೈ ಹುಡುಕಾಟ. ಅವನು ನುಗ್ಗಿದ 77 ನಿಮಿಷಕ್ಕೆ, 12.50ಕ್ಕೆ ಬಾಗಿಲು ತೆರೆಯಿತು. 19 ಮಕ್ಕಳು, ಇಬ್ಬರು ಶಿಕ್ಷಕಿಯರು ಸತ್ತರು.

ಹಳ್ಳಿಯಲ್ಲಿ ಆಳಿಲ್ಲ ಎಂಬ ದೂರು ಅಲ್ಲಿ ನಡೆಯುವುದಿಲ್ಲ. ಟೆಕ್ಸಸ್ ಶಾಸನಸಭೆಯ ಸಮಿತಿ ಎಣಿಸಿದಾಗ ಬಂದಿದ್ದ ಪೊಲೀಸರು 376. ಗಡಿ ಕಾವಲು ಪಡೆಯವರೇ 149, ರಾಜ್ಯ ಪೊಲೀಸರು 91, ಶಾಲಾ ಜಿಲ್ಲೆಯವರು ಐವರು. ನಮ್ಮಲ್ಲಾದರೆ ಹಿರಿಯ ಅಧಿಕಾರಿ ಬಂದೊಡನೆ ಅಧಿಕಾರ ಅವರ ಕೈಗೆ ಹೋಗುತ್ತದೆ. ಅಲ್ಲಿ ಬೇರೆ ಬೇರೆ ಇಲಾಖೆಯವರು, ಯಾರು ಯಾರಿಗೂ ಮೇಲಲ್ಲ. ಶಾಲಾ ಪೊಲೀಸ್ ಮುಖ್ಯಸ್ಥರು ಕೈ ಖಾಲಿ ಇರಲೆಂದು ವಾಕಿಟಾಕಿ ಹೊರಗೇ ಬಿಟ್ಟಿದ್ದರು. ಕೋಣೆಯೊಳಗಿಂದ ಮಕ್ಕಳು ತುರ್ತು ಸಹಾಯದ ಸಂಖ್ಯೆ 911ಕ್ಕೆ ಫೋನ್ ಮಾಡುತ್ತಿದ್ದ ಸಂಗತಿ ಕಾರಿಡಾರಿನಲ್ಲಿದ್ದ ಎಲ್ಲರಿಗೂ ಮುಟ್ಟಲಿಲ್ಲ.

ಹಾಗಾಗಿ ಈಗಿನ ತರಬೇತಿಯಲ್ಲಿ ಬಂದೂಕಿನಷ್ಟೇ ಹೊತ್ತು ಉಳಿದದ್ದಕ್ಕೂ ಹೋಗುತ್ತದೆ. ಮೊದಲ ನಾಲ್ವರು ಒಳಗೆ, ಐದನೆಯವನು ಯಾವ ಇಲಾಖೆಯವನೇ ಆಗಲಿ ಹೊರಗೆ ನಿಂತು ಉಸ್ತುವಾರಿ ಹಿಡಿಯಬೇಕು ಎಂಬುದು ಹಲವೆಡೆ ಕಲಿಸುವ ಸರಳ ನಿಯಮ. ಹತ್ತಿರ ಹೋಗಿ ನೋಡುವ ಆಸೆ ಅವನಿಗೂ ಇರುತ್ತದೆ. ಅಭ್ಯಾಸದಲ್ಲಿ ಹೆಚ್ಚು ಸಲ ಮುರಿಯುವ ನಿಯಮವೂ ಇದೇ. ರೇಡಿಯೋದಲ್ಲಿ ಸಂಕೇತ ಸಂಖ್ಯೆಗಳು ಬೇಡ, ಆಡುಮಾತು ಸಾಕು: ಪಕ್ಕದ ಕೌಂಟಿಯವರ ಸಂಖ್ಯೆಗಳು ಬೇರೆ, ತರಂಗಾಂತರವೂ ಬೇರೆ. ಕಾಂಕ್ರೀಟ್ ಗೋಡೆಯ ಆಚೆ ವಾಕಿಟಾಕಿ ಸತ್ತರೆ ಸುದ್ದಿ ಒಯ್ಯಲು ಒಬ್ಬ ಓಡಬೇಕು. ವಾಹನಗಳನ್ನು ರಸ್ತೆಯ ಒಂದೇ ಬದಿಗೆ ನಿಲ್ಲಿಸಬೇಕು. ಸಿಕ್ಕಲ್ಲಿ ಬಿಟ್ಟು ಓಡಿದ ಪೊಲೀಸ್ ಕಾರುಗಳೇ ಆಂಬುಲೆನ್ಸಿಗೆ ಅಡ್ಡವಾಗುತ್ತವೆ.

ಬಾಗಿಲಿನದ್ದೇ ಒಂದು ಅಧ್ಯಾಯ. ಶಾಲಾ ಕೋಣೆಯ ಬಾಗಿಲು ಉಕ್ಕಿನ ಚೌಕಟ್ಟಿನದಾಗಿ ಕಾರಿಡಾರಿನ ಕಡೆಗೆ ತೆರೆಯುವಂತಿದ್ದರೆ ಒದ್ದು ಪ್ರಯೋಜನವಿಲ್ಲ. ಸಂದಿಗೆ ಹಾಲಿಗನ್ ಎಂಬ ಕಬ್ಬಿಣದ ಮೀಟುಗೋಲು ಸಿಕ್ಕಿಸಿ, ಸುತ್ತಿಗೆಯಿಂದ ಬಡಿದು ಎಬ್ಬಿಸಬೇಕು. ಅಗ್ನಿಶಾಮಕದವರ ಬಳಿ ಇರುವ ಈ ಉಪಕರಣ ಗಸ್ತಿನ ಕಾರಿನಲ್ಲೂ ಇರಬೇಕು, ಮಾಸ್ಟರ್ ಕೀಲಿ ಶಾಲೆಯ ಗೋಡೆಯ ಪೆಟ್ಟಿಗೆಯಲ್ಲಿರಬೇಕು. ಹೊರಬಾಗಿಲುಗಳಿಗೆ ಮುಖ್ಯದ್ವಾರದಿಂದ ಬಲಸುತ್ತಾಗಿ 1, 2, 3 ಎಂದು ದೊಡ್ಡಕ್ಷರದಲ್ಲಿ ಅಂಕಿ ಬರೆಸಿದರೆ, ಮೂವತ್ತು ಮೈಲಿಯಿಂದ ಬಂದವನಿಗೂ 'ಏಳನೇ ಬಾಗಿಲಿಗೆ ಬಾ' ಎಂದರೆ ಸಾಕು. ಇದಕ್ಕೆ ಬೇಕಾದ್ದು ಒಂದು ಡಬ್ಬಿ ಬಣ್ಣ. ಎಲ್ಲಕ್ಕಿಂತ ಮೊದಲು ಬಾಗಿಲಿನ ಹಿಡಿ ತಿರುಗಿಸಿ ನೋಡಬೇಕು. ಉವಾಲ್ಡೆಯ 111ನೇ ಕೋಣೆಯ ಬೀಗ ಕೆಟ್ಟಿತ್ತು, ಬಹುಶಃ ಬಾಗಿಲಿಗೆ ಬೀಗವೇ ಬಿದ್ದಿರಲಿಲ್ಲ ಎಂದು ಸಮಿತಿ ಬರೆದಿದೆ.

ಬಾಗಿಲು ಮುಚ್ಚಿದ್ದರಿಂದಲೇ ಬದುಕಿದ್ದೂ ಉಂಟು. 2017ರ ನವೆಂಬರ್ 14ರಂದು ಕ್ಯಾಲಿಫೋರ್ನಿಯಾದ ರಾಂಚೊ ಟೆಹಾಮಾ ಎಂಬ ಹಳ್ಳಿಯಲ್ಲಿ ದೂರದ ಗುಂಡಿನ ಸದ್ದು ಕೇಳಿದೊಡನೆ ಶಾಲೆಯ ಸಿಬ್ಬಂದಿ ಯಾರ ಅಪ್ಪಣೆಗೂ ಕಾಯದೆ ಒಂದು ನಿಮಿಷದೊಳಗೆ ಮಕ್ಕಳನ್ನು ಒಳಗೆ ಹಾಕಿ ಬೀಗ ಜಡಿದರು. ಬಂದವನು ಗೋಡೆ, ಕಿಟಕಿಗಳಿಗೆ ಗುಂಡು ಹಾರಿಸಿ, ಬಾಗಿಲು ಎಳೆದು ನೋಡಿ, ಸುಮಾರು ಆರು ನಿಮಿಷದಲ್ಲಿ ಹೊರಟುಹೋದ. ಶಾಲೆಯಲ್ಲಿ ಯಾರೂ ಸಾಯಲಿಲ್ಲ. ಹಳ್ಳಿಯ ಪೊಲೀಸರಿಗೆ ತರಬೇತಿ ಕೊಡುವಾಗ ಶಾಲೆಯ ಗುಮಾಸ್ತೆಯನ್ನೂ ಜವಾನನನ್ನೂ ಜೊತೆಗೆ ಕೂರಿಸಬೇಕೆನ್ನುವುದು ಇದಕ್ಕೇ.

ಪೆನ್ಸಿಲ್ವೇನಿಯಾದ ನಿಕಲ್ ಮೈನ್ಸ್‌ನಲ್ಲಿ ಆದದ್ದು ಇದರ ತಿರುಗುಮುರುಗು. 2006ರ ಅಕ್ಟೋಬರ್ 2ರಂದು ಆಧುನಿಕ ಸೌಲಭ್ಯಗಳಿಂದ ದೂರವಿರುವ ಆಮಿಶ್ ಎಂಬ ಕ್ರೈಸ್ತ ಪಂಗಡದ ಒಂದೇ ಕೋಣೆಯ ಶಾಲೆಗೆ ಬಂದವನು ಹಲಗೆ, ಮೊಳೆಗಳನ್ನು ಜೊತೆಗೇ ತಂದು ತಾನೇ ಬಾಗಿಲು ಭದ್ರ ಮಾಡಿಕೊಂಡ. ಫೋನಿಗಾಗಿ ಶಿಕ್ಷಕಿ ಪಕ್ಕದ ತೋಟದ ಮನೆಗೆ ಓಡಬೇಕಾಯಿತು. ಅಷ್ಟಾದರೂ ರಾಜ್ಯ ಪೊಲೀಸರು ಬೇಗನೆ ಬಂದರು. ಒಳಗೆ ಗುಂಡು ಶುರುವಾದಾಗ ಕಿಟಕಿ ಒಡೆದು ಹೋಗಬೇಕಾಯಿತು. ಹತ್ತು ಹುಡುಗಿಯರಿಗೆ ಗುಂಡು ತಗುಲಿತು, ಐವರು ಸತ್ತರು.

ಗಾಯಾಳುಗಳ ವಿಚಾರದಲ್ಲಿ ಹಳ್ಳಿಗೂ ನಗರಕ್ಕೂ ಅಂತರ ಇನ್ನೂ ಹೆಚ್ಚು. ಆಂಬುಲೆನ್ಸ್ ಓಡಿಸುವವರು ಬಹಳ ಕಡೆ ಸ್ವಯಂಸೇವಕರು, ದೊಡ್ಡ ಆಸ್ಪತ್ರೆ ಗಂಟೆಯ ದಾರಿ. ತೊಡೆಯ ರಕ್ತನಾಳ ಹರಿದರೆ ಐದು ನಿಮಿಷವೂ ಹೆಚ್ಚು. ಹೀಗಾಗಿ ಪೊಲೀಸನ ಸೊಂಟದಲ್ಲೇ ಟೂರ್ನಿಕೆ, ಅಂದರೆ ಕೈಕಾಲಿನ ರಕ್ತ ನಿಲ್ಲಿಸಲು ಬಿಗಿಯುವ ಪಟ್ಟಿ ಇರಬೇಕು: ಗಾಯಕ್ಕಿಂತ ಎರಡು ಮೂರು ಇಂಚು ಮೇಲೆ, ಕೀಲು ಬಿಟ್ಟು ಕಟ್ಟಿ, ರಕ್ತ ನಿಲ್ಲುವವರೆಗೆ ಕಡ್ಡಿ ತಿರುಚಿ, ಸಮಯ ಬರೆಯಬೇಕು. ಗಾಯಾಳು ನೋವಿಗೆ ಕಿರುಚಿದನೆಂದು ಸಡಿಲ ಬಿಡುವುದು ಸಾಮಾನ್ಯ ತಪ್ಪು. ಕಂಕುಳು, ತೊಡೆಸಂದಿಗೆ ಪಟ್ಟಿ ಕೂರದು. ಅಲ್ಲಿ ಗಾಯದೊಳಕ್ಕೆ ಬಟ್ಟೆ ತುರುಕಿ ಒತ್ತಿ ಹಿಡಿಯಬೇಕು. ಆಂಬುಲೆನ್ಸ್ ದೂರವಿದ್ದರೆ ಪೊಲೀಸ್ ಕಾರಿನ ಹಿಂದಿನ ಸೀಟೇ ಗತಿ.

ಇಷ್ಟನ್ನೂ ಕಲಿಸಲು ಅಲರ್ಟ್‌ನ ಮೊದಲ ಹಂತಕ್ಕೆ 16 ಗಂಟೆ, ಎರಡು ದಿನ. ಪ್ರತಿ ಎರಡು ವರ್ಷಕ್ಕೊಮ್ಮೆ 16 ಗಂಟೆ ಕಡ್ಡಾಯವೆಂದು ಟೆಕ್ಸಸ್ 2023ರಲ್ಲಿ ಕಾನೂನು ಮಾಡಿತು. ಐವರ ಇಲಾಖೆಯಲ್ಲಿ ಇಬ್ಬರನ್ನು ಎರಡು ದಿನ ಕಳಿಸಿದರೆ ಉಳಿದವರಿಗೆ ಓವರ್‌ಟೈಮ್ ಕೊಡಬೇಕು. ಅದಕ್ಕೇ ತರಬೇತುದಾರರೇ ಊರಿಗೆ ಬರುತ್ತಾರೆ. ಬೇಸಿಗೆ ರಜೆಯಲ್ಲಿ, ಪಕ್ಕದ ಕೌಂಟಿಯವರನ್ನೂ ಸೇರಿಸಿ, ಊರಿನ ಶಾಲೆಯಲ್ಲೇ ಅಭ್ಯಾಸ. ಒಳಬರಲು ಒಂದೇ ಬಾಗಿಲು. ಅಸಲಿ ಬಂದೂಕು, ಗುಂಡು, ಚಾಕು ಎಲ್ಲವೂ ಹೊರಗೆ. ತಾನೇ ಒಮ್ಮೆ, ಜೊತೆಯವನು ಒಮ್ಮೆ, ಸುರಕ್ಷತಾ ಅಧಿಕಾರಿ ಒಮ್ಮೆ, ಹೀಗೆ ಮೂರು ಸಲ ಮೈ ತಡವಿ ನೋಡಬೇಕು. ಊಟಕ್ಕೆ ಹೊರಹೋಗಿ ಬಂದವನಿಗೂ ಮತ್ತೆ ಮೂರು ಸಲ.

ಅಭ್ಯಾಸಕ್ಕೆ ಶಾಲೆಯವರನ್ನು ಸೇರಿಸುವುದಕ್ಕೂ ಮಿತಿ ಬೇಕು. 2019ರ ಜನವರಿಯಲ್ಲಿ ಇಂಡಿಯಾನಾದ ಮಾಂಟಿಸೆಲ್ಲೊದಲ್ಲಿ ಪೊಲೀಸರು ಶಿಕ್ಷಕಿಯರನ್ನು ಗೋಡೆಯ ಮುಂದೆ ಮಂಡಿಯೂರಿಸಿ ಪ್ಲಾಸ್ಟಿಕ್ ಗುಂಡು ಹೊಡೆದರು; ಮೈಮೇಲೆ ಬಾಸುಂಡೆ ಎದ್ದವು. ಅದರಿಂದ ಬಾಗಿಲು ಬೇಗ ಹಾಕುವುದನ್ನು ಯಾರೂ ಕಲಿಯಲಿಲ್ಲ. ಶಿಕ್ಷಕರು ಬೀಗ ಹಾಕಿ, ದೀಪ ಆರಿಸಿ, ಮಕ್ಕಳನ್ನು ಬಾಗಿಲಿನಿಂದ ಕಾಣದ ಮೂಲೆಗೆ ಕೂರಿಸುವುದನ್ನು ಬಂದೂಕಿಲ್ಲದೆಯೇ ಅಭ್ಯಾಸ ಮಾಡಬಹುದು. ಪೊಲೀಸರು ಕೀಲಿಯಿಂದ ಒಂದೊಂದೇ ಕೋಣೆ ತೆರೆದು ಹೊರಗೆ ಕರೆಯುವವರೆಗೆ ಅಲ್ಲೇ ಕೂತಿರಬೇಕು, ಯಾರು ಬಾಗಿಲು ಬಡಿದರೂ ತೆಗೆಯಬಾರದು.