ಗರಗಸದ ರೈಲಿಗೂ ಅಂದದ ಪೇಟೆಂಟು!

ಮೈಸೂರಿನ ಮಂಡಿ ಮೊಹಲ್ಲಾದಲ್ಲಿ ಬೀಟೆ ಮರಕ್ಕೆ ಇನ್ಲೇ ಚಿತ್ತಾರ ಕೂರಿಸುವವರ ಮುಂದೆ, ‘ಟೇಬಲ್ ಸಾ (ಮೇಜಿನ ನಡುವೆ ಬ್ಲೇಡು ತಿರುಗುವ ಗರಗಸ ಯಂತ್ರ) ರೈಲಿಗೂ ಅಮೆರಿಕದಲ್ಲಿ ಅಲಂಕಾರದ ಪೇಟೆಂಟ್ ಸಿಗುತ್ತದೆ’ ಅಂದರೆ ನಕ್ಕಾರು. ಎಳೆದರೆ ಉದ್ದವಾಗುವ ಎರಡು ಲೋಹದ ಪಟ್ಟಿ. ಅದರಲ್ಲಿ ಅಂದ ಎಲ್ಲಿಂದ ಬಂತು? ಆದರೂ ಸಿಗುವುದು ನಿಜ. ಆ ಪೇಟೆಂಟ್ ಕಾಯುವುದು ಕಣ್ಣಿಗೆ ಕಾಣುವ ರೂಪವನ್ನು ಮಾತ್ರ. ರೈಲು ಎಷ್ಟು ಗಟ್ಟಿ, ಹೇಗೆ ಜಾರುತ್ತದೆ ಅನ್ನುವುದಕ್ಕೂ ಆ ಕಾಗದಕ್ಕೂ ಸಂಬಂಧವಿಲ್ಲ. ‘ಪೇಟೆಂಟ್ ಆಗಿದೆ ಸಾರ್, ಒಳ್ಳೇ ಮಷಿನ್’ ಅನ್ನುವ ಅಂಗಡಿ ಮಾತು ನಂಬಬೇಡಿ.

ನನಗೆ ಖುಷಿ ಕೊಡುವುದು ಒಳಗಿನ ಕೆಲಸ. 8 ಅಡಿಗೆ 4 ಅಡಿ ಪ್ಲೈವುಡ್‌ನಲ್ಲಿ 2 ಅಡಿ ಅಗಲದ ಪಟ್ಟಿ ಕುಯ್ಯಬೇಕಾದರೆ ಬ್ಲೇಡಿನಿಂದ ಸುಮಾರು 610 ಮಿ.ಮೀ. ದೂರಕ್ಕೆ ಫೆನ್ಸ್, ಅಂದರೆ ಮರವನ್ನು ಒತ್ತಿ ನೇರವಾಗಿ ತಳ್ಳಲು ಆಸರೆಯಾಗುವ ಪಟ್ಟಿ, ಹೋಗಬೇಕು. ಹೊತ್ತು ಒಯ್ಯುವ ಸಣ್ಣ ಯಂತ್ರದ ಮೇಜು ಅಷ್ಟು ಅಗಲ ಎಲ್ಲಿರುತ್ತದೆ? ಅದಕ್ಕೇ ರೈಲು ಹೊರಗೆ ಬರುತ್ತದೆ. ಮುಂದೊಂದು ರೈಲು, ಹಿಂದೊಂದು. ಫೆನ್ಸ್ ಎರಡಕ್ಕೂ ಕಚ್ಚಿಕೊಂಡಿರುತ್ತದೆ. ಎರಡೂ ಒಂದೇ ಅಳತೆ ಜರುಗದಿದ್ದರೆ ಫೆನ್ಸ್ ಓರೆ. ಕೆಲವು ಯಂತ್ರಗಳಲ್ಲಿ ಇದಕ್ಕೊಂದು ಚೆಂದದ ಉಪಾಯವಿದೆ. ಎರಡೂ ರೈಲಿಗೆ ಉದ್ದಕ್ಕೆ ಹಲ್ಲು. ಆ ಹಲ್ಲಿಗೆ ಪುಟ್ಟ ಗಿಯರ್. ಮುಂದಿನ, ಹಿಂದಿನ ಗಿಯರ್ ಎರಡೂ ಒಂದೇ ಸರಳಿಗೆ ಕೂತಿವೆ. ಗುಂಡಿ ತಿರುಗಿಸಿದರೆ ಸರಳು ತಿರುಗುತ್ತದೆ, ಎರಡು ತುದಿಯೂ ಒಟ್ಟಿಗೇ ಸುತ್ತಬೇಕು. ನೊಗ ಕಟ್ಟಿದ ಜೋಡಿ ಎತ್ತಾದರೂ ಒಂದು ಹೆಜ್ಜೆ ಹಿಂದೆ ಮುಂದೆ ಆದೀತು, ಇದು ಆಗುವುದಿಲ್ಲ.

ಓರೆಯಾದರೆ ಏನೀಗ ಅಂತೀರಾ? ಫೆನ್ಸಿನ ಹಿಂದಿನ ತುದಿ ಬ್ಲೇಡಿನ ಕಡೆ ವಾಲಿದರೆ ಮರ ನಡುವೆ ಸಿಕ್ಕಿಬೀಳುತ್ತದೆ. ಬ್ಲೇಡಿನ ಹಿಂಬದಿಯಲ್ಲಿ ಹಲ್ಲುಗಳು ಮೇಲಕ್ಕೆ ಏಳುತ್ತಿರುತ್ತವೆ. ಅವು ಮರವನ್ನು ಎತ್ತಿ, ನಿಂತವನ ಹೊಟ್ಟೆಗೇ ಎಸೆಯುತ್ತವೆ. 10 ಇಂಚಿನ ಬ್ಲೇಡು ನಿಮಿಷಕ್ಕೆ 4,800 ಸುತ್ತು ಹಾಕಿದರೆ ಹಲ್ಲಿನ ವೇಗ ಗಂಟೆಗೆ ಸುಮಾರು 230 ಕಿ.ಮೀ. ಹೀಗಾದಾಗ ‘ದೃಷ್ಟಿ ತಾಗಿದೆ’ ಅಂತ ಮಷಿನ್‌ಗೆ ಇನ್ನೊಂದು ನಿಂಬೆಹಣ್ಣು ಕಟ್ಟುವವರಿದ್ದಾರೆ. ಆಯುಧಪೂಜೆಗೆ ನನ್ನ ತಕರಾರಿಲ್ಲ, ಧಾರಾಳವಾಗಿ ಕುಂಕುಮ ಇಡಿ. ಆದರೆ ಪ್ಲಗ್ ಕಿತ್ತು, ಬ್ಲೇಡಿನ ಮುಂದಿನ ಹಲ್ಲಿನಿಂದ ಒಮ್ಮೆ, ಹಿಂದಿನ ಹಲ್ಲಿನಿಂದ ಒಮ್ಮೆ ಫೆನ್ಸಿಗೆ ಟೇಪು ಹಿಡಿದು ನೋಡಲು ಎಷ್ಟು ಹೊತ್ತು ಬೇಕು?

ಹೊರಗೆ ಚಾಚಿದ ರೈಲು ಬಾಗುವ ಲೆಕ್ಕ ಬೇರೆ ಇದೆ. ಒಂದೇ ತುದಿಯಲ್ಲಿ ಬಿಗಿದ ಸರಳನ್ನು ಎರಡರಷ್ಟು ಹೊರಗೆ ಚಾಚಿ, ತುದಿಗೆ ಅದೇ ಭಾರ ಹೇರಿದರೆ ಎಂಟರಷ್ಟು ಬಾಗುತ್ತದೆ. ಗೋಡೆಯಿಂದ ಚಾಚಿದ ತೊಲೆ ಯಾವಾಗ ಮುರಿಯುತ್ತದೆ ಅಂತ ಗೆಲಿಲಿಯೊ 1638ರಲ್ಲೇ ಬರೆದಿದ್ದ. ಒಳಗಿನ ಒತ್ತಡ ಹೇಗೆ ಹಂಚಿಕೊಳ್ಳುತ್ತದೆ ಅನ್ನುವಲ್ಲಿ ಮಾತ್ರ ಎಡವಿದ್ದ. ಒಳಗೆ ಟೊಳ್ಳು ಬಿಟ್ಟು ಎತ್ತರಕ್ಕೆ ಮಾಡಿದ ರೈಲು ಜಾಸ್ತಿ ತೂಕವಿಲ್ಲದೆ ಸೆಟೆದು ನಿಲ್ಲುತ್ತದೆ. ಅಂದ ಅಂತ ನಾವು ನೋಡುವ ರೂಪದಲ್ಲಿ ಇಂಥ ಲೆಕ್ಕದ ಪಾಲೂ ಇದೆ ಅಲ್ವಾ?

ಅಮೆರಿಕದಲ್ಲಿ ಇಂಥ ಅಂದದ ಪೇಟೆಂಟ್, ಅಂದರೆ ವಿನ್ಯಾಸ ಪೇಟೆಂಟ್, ಮೊದಲು ಸಿಕ್ಕಿದ್ದು 1842ರಲ್ಲಿ, ಜಾರ್ಜ್ ಬ್ರೂಸ್ ಅನ್ನುವವರ ಅಚ್ಚುಮೊಳೆಗಳಿಗೆ. ನಮ್ಮ 2000ದ ವಿನ್ಯಾಸ ಕಾಯ್ದೆ ರೂಪಕ್ಕೆ 10 ವರ್ಷದ ರಕ್ಷಣೆ ಕೊಡುತ್ತದೆ, ಕೇಳಿದರೆ ಇನ್ನು 5. ಗುಂಡಿಯ ಗೀರು, ಮೂಲೆಯ ದುಂಡು ಇಂಥವಕ್ಕೆ ಅದು ಸಾಕು. ಹಲ್ಲು-ಗಿಯರ್‌ನಂಥ ಉಪಾಯ ಕಾಪಾಡಿಕೊಳ್ಳಲು ಬೇರೆಯದೇ ಪೇಟೆಂಟ್ ಬೇಕು, ಅದರ ಆಯಸ್ಸು ಅರ್ಜಿ ಹಾಕಿದ ದಿನದಿಂದ 20 ವರ್ಷ.