ತೂಬಿನ ಬಳಿಯವರಿಗೆ ಕೊನೆಯವರು ಏಕೆ ಬೇಕು?

ಕೆರೆ ಅಚ್ಚುಕಟ್ಟಿನ ರೈತರ ಸಭೆಗಳಲ್ಲಿ ನಾನು ಮತ್ತೆ ಮತ್ತೆ ಕೇಳುವ ದೂರು 'ನಮ್ಮವರಲ್ಲಿ ಒಗ್ಗಟ್ಟಿಲ್ಲ' ಎಂಬುದು. ಇದನ್ನು ನಾನು ಒಪ್ಪುವುದಿಲ್ಲ. ನಾಟಿಯ ಕಾಲದಲ್ಲಿ ಮುಯ್ಯಾಳಾಗಿ ಒಬ್ಬರ ಗದ್ದೆಗೆ ಇನ್ನೊಬ್ಬರು ಹೋಗಿ ದುಡಿಯುವ ಜನವೇ ಕಾಲುವೆಯ ಹೂಳೆತ್ತಲು ಬರುವುದಿಲ್ಲವೆಂದರೆ, ಕಾರಣವನ್ನು ಅವರ ಗುಣದಲ್ಲಿ ಹುಡುಕುವ ಬದಲು ಆ ಕೆಲಸದಲ್ಲಿ ಯಾರಿಗೆ ಯಾರು ಮುಖಾಮುಖಿಯಾಗುತ್ತಾರೆ ಎಂಬುದರಲ್ಲಿ ಹುಡುಕಬೇಕು.

ಮುಯ್ಯಾಳಿನಲ್ಲಿ ಲೆಕ್ಕ ಇಬ್ಬರ ನಡುವಿನದು. ತಪ್ಪಿಸಿಕೊಂಡವರು ಯಾರೆಂದು ಕೇಳಬೇಕಾಗಿಯೇ ಇಲ್ಲ. ಅಮೆರಿಕದ ರಾಜಕೀಯ ಶಾಸ್ತ್ರಜ್ಞ ರಾಬರ್ಟ್ ಆಕ್ಸೆಲ್‌ರಾಡ್ ಕಂಪ್ಯೂಟರ್ ಪ್ರೋಗ್ರಾಂಗಳ ನಡುವೆ, ಪ್ರತಿ ಸುತ್ತಿನಲ್ಲೂ ಸಹಕರಿಸುವುದೋ ಕೈಕೊಡುವುದೋ ಎಂದು ಇಬ್ಬರೂ ಆರಿಸಿ ಅಂಕ ಗಳಿಸುವ ಆಟದಲ್ಲಿ ಏರ್ಪಡಿಸಿದ್ದ ಎರಡು ಪ್ರಸಿದ್ಧ ಸ್ಪರ್ಧೆಗಳಲ್ಲಿಯೂ ಗೆದ್ದದ್ದು ಅನಟೋಲ್ ರಾಪೊಪೋರ್ಟ್ ಕಳುಹಿಸಿದ್ದ ಇಂಥದೇ ಸರಳ ತಂತ್ರ: ಮೊದಲ ಸಲ ಸಹಕರಿಸುವುದು, ಆಮೇಲೆ ಎದುರಿನವರು ಹಿಂದಿನ ಸಲ ಮಾಡಿದ್ದನ್ನೇ ಮಾಡುವುದು. ಮುಯ್ಯಿಗೆ ಮುಯ್ಯಿ ಎಂದರೆ ನಮ್ಮಲ್ಲಿ ಯಾರಿಗೂ ಅರ್ಥವಾಗುತ್ತದೆ. ಆದರೆ ಜ್ವರದಿಂದ ಮಲಗಿದವರನ್ನು ಮೈಗಳ್ಳರೆಂದು ಭಾವಿಸಿಬಿಟ್ಟರೆ ಈ ಲೆಕ್ಕ ಕೊನೆಯಿಲ್ಲದ ಹಗೆಯಾಗುತ್ತದೆ. ಆದ್ದರಿಂದಲೇ ಇಂಥ ಆಟಗಳನ್ನು ಗಣಿತದಿಂದ ಅಧ್ಯಯನ ಮಾಡಿದ ಮಾರ್ಟಿನ್ ನೊವಾಕ್ ಮತ್ತು ಕಾರ್ಲ್ ಸಿಗ್ಮಂಡ್ 1992ರಲ್ಲಿ ಕೆಲವು ಸಲ ಕ್ಷಮಿಸುವ ತಂತ್ರವೇ ಮೇಲೆಂದು ತೋರಿಸಿದರು. ಆ ಆಟಕ್ಕೆ ರೂಢಿಯಲ್ಲಿರುವ ಅಂಕಗಳನ್ನು ಇಟ್ಟುಕೊಂಡರೆ, ಎದುರಿನವರು ಮೂರು ಸಲ ಕೈಕೊಟ್ಟರೆ ಸುಮಾರು ಒಂದು ಸಲ ಕ್ಷಮಿಸುವುದು ಆ ಪ್ರಮಾಣ.

ಇಬ್ಬರ ಆಟವನ್ನು ನೂರಾರು ಜನರ ಸಂಬಂಧಜಾಲಕ್ಕೆ ವಿಸ್ತರಿಸಿದಾಗ ಏನಾಗುತ್ತದೆ? ನೊವಾಕ್ ಮತ್ತು ಸಂಗಡಿಗರು 2006ರಲ್ಲಿ ಇದಕ್ಕೊಂದು ಸರಳ ಸೂತ್ರ ಕೊಟ್ಟರು. ಯಶಸ್ವಿ ನೆರೆಯವರನ್ನು ನೋಡಿ ಜನ ಅನುಕರಿಸುತ್ತಾರೆಂದು ಇಟ್ಟುಕೊಂಡರೆ, ನೆರವಿನಿಂದಾಗುವ ಲಾಭವು ಅದರ ಖರ್ಚಿನ ಎಷ್ಟು ಪಟ್ಟು ಇದೆಯೋ ಆ ಸಂಖ್ಯೆ ಒಬ್ಬರಿಗಿರುವ ಸರಾಸರಿ ನೆರೆಯವರ ಸಂಖ್ಯೆಗಿಂತ ಹೆಚ್ಚಿರುವಲ್ಲಿ ಸಹಕಾರ ಬೆಳೆಯುತ್ತದೆ. ಇದು ಮಾದರಿಯ ಲೆಕ್ಕ, ಊರಿಗೆ ಊರೇ ಹೀಗೆ ನಡೆಯುವುದಿಲ್ಲ. ಆದರೂ ಅದರ ದಿಕ್ಕು ನನ್ನ ಅನುಭವಕ್ಕೆ ಹೊಂದುತ್ತದೆ. ಊರಿನ ದೊಡ್ಡ ವಾಟ್ಸಾಪ್ ಗುಂಪಿನಲ್ಲಿ ಹೂಳೆತ್ತುವ ಕರೆಗೆ ಹೆಬ್ಬೆರಳು ತೋರಿಸಿದವರಲ್ಲಿ ಮರುದಿನ ಗುದ್ದಲಿ ಹಿಡಿದು ಬಂದವರು ಬೆರಳೆಣಿಕೆಯಷ್ಟು. ಅದೇ ಕೆಲಸವನ್ನು ಕವಲುಗಾಲುವೆಗಳಿಗೆ ಹಂಚಿ, ಬದು ಹಂಚಿಕೊಂಡವರಿಗೇ ಒಪ್ಪಿಸಿದಾಗ ಗೈರುಹಾಜರಿ ಕಣ್ಣಿಗೆ ಬೀಳತೊಡಗಿತು, ಜನವೂ ಬಂದರು.

ಆದರೆ ನೀರು ಮೇಲಿನಿಂದ ಕೆಳಕ್ಕೆ ಮಾತ್ರ ಹರಿಯುತ್ತದೆ, ಮತ್ತು ತೊಡಕೆಲ್ಲ ಅಲ್ಲಿಯೇ ಇದೆ. ಕೊನೆಯಂಚಿನ ರೈತರಿಗೆ ತೂಬಿನ ಬಳಿಯವರ ದಯೆ ಬೇಕು. ತೂಬಿನ ಬಳಿಯವರಿಗೆ ಅವರಿಂದ ಏನು ಬೇಕು? 2009ರಲ್ಲಿ ಅರ್ಥಶಾಸ್ತ್ರದ ನೊಬೆಲ್ ಪಡೆದ ಎಲಿನಾರ್ ಆಸ್ಟ್ರಮ್ ಮತ್ತು ಅವರ ಸಹೋದ್ಯೋಗಿಗಳು ನೇಪಾಳದ ರೈತರೇ ನಡೆಸುವ ನೀರಾವರಿ ವ್ಯವಸ್ಥೆಗಳಲ್ಲಿ ಇದಕ್ಕೆ ಉತ್ತರ ಕಂಡರು. ಕಲ್ಲು, ಮಣ್ಣು, ಸೊಪ್ಪುಸದೆಯ ಒಡ್ಡು ಮಳೆಗಾಲದಲ್ಲಿ ಕೊಚ್ಚಿಹೋಗುತ್ತಿದ್ದಲ್ಲಿ, ಅದನ್ನು ಮತ್ತೆ ಕಟ್ಟಲು ಮೇಲಿನವರಿಗೆ ಕೆಳಗಿನವರ ರಟ್ಟೆ ಬೇಕಿತ್ತು. ಆ ದುಡಿಮೆಯ ಬಲದ ಮೇಲೆ ಕೆಳಗಿನವರು ತಮ್ಮ ಪಾಲಿನ ನೀರು ಕೇಳಬಲ್ಲವರಾಗಿದ್ದರು. ಹೊರಗಿನ ಹಣದಿಂದ ಶಾಶ್ವತ ಕಾಂಕ್ರೀಟ್ ಒಡ್ಡು ಬಂದ ಅನೇಕ ಕಡೆ ಆ ಅಗತ್ಯವೇ ತಪ್ಪಿ, ಕೊನೆಯವರಿಗೆ ನೀರು ಕಡಿಮೆಯಾಯಿತು. ಕಾಂಕ್ರೀಟನ್ನು ನಾನು ದೂಷಿಸುತ್ತಿಲ್ಲ, ಮುರುಕು ತೂಬನ್ನು ಯಾರೂ ಬಯಸುವುದಿಲ್ಲ.

ಹೀಗಾಗಿ ಕಾಮಗಾರಿಯ ಅಂದಾಜುಪಟ್ಟಿ ಸಿದ್ಧವಾಗುವ ಮೊದಲೇ ನಾನು ಸಂಘದವರನ್ನು ಕೇಳುವುದು, ದುರಸ್ತಿಯ ನಂತರವೂ ಮೇಲಿನವರು ಕೆಳಗಿನವರನ್ನು ಯಾವ ಕೆಲಸಕ್ಕೆ ಕರೆಯಬೇಕಾಗುತ್ತದೆ ಎಂದು. ಕೆಲವು ಕಡೆ ಏರಿಯ ಜಾಲಿ ಕಡಿಯುವುದು, ಕೆಲವು ಕಡೆ ಪೋಷಕ ಕಾಲುವೆ ಬಿಡಿಸುವುದು ಎಂಬ ಉತ್ತರ ಬರುತ್ತದೆ. ಉತ್ತರವೇ ಬಾರದಿದ್ದಲ್ಲಿ, ಸರದಿಯ ನೀರನ್ನು ಕೊನೆಯ ಗದ್ದೆಯಿಂದ ಆರಂಭಿಸುವ ನಿಯಮವನ್ನು ಕಾಮಗಾರಿಗೆ ಮೊದಲೇ ನಡಾವಳಿ ಪುಸ್ತಕದಲ್ಲಿ ಬರೆಸಿ, ಎಲ್ಲರಿಂದ ಸಹಿ ಹಾಕಿಸುತ್ತೇನೆ.