ಲ್ಯಾಕರ್ ಎಷ್ಟು ಸಲ ತೇಯಬಹುದು?

ಬೇಸ್‌ಮೆಂಟಿನ ಕತ್ತಲಲ್ಲಿ ನಿಂತ ಕಪ್ಪು ಕಾರಿನ ಬಾನೆಟ್ ಮೇಲೆ ಮೊಬೈಲ್ ಟಾರ್ಚ್ ಬಿಟ್ಟು ನೋಡಿ. ಬೆಳಕಿನ ಸುತ್ತ ಜೇಡರ ಬಲೆಯಂಥ ನವಿರು ಗೆರೆಗಳು ಸುತ್ತುಸುತ್ತಾಗಿ ಕಾಣುತ್ತವೆ. ಟಾರ್ಚನ್ನು ಒಂದಡಿ ಸರಿಸಿದರೆ ಬಲೆಯೂ ಅದರ ಜೊತೆಗೇ ಸರಿಯುತ್ತದೆ. ಅಸಲಿಗೆ ಅಲ್ಲಿರುವುದು ಎಲ್ಲ ದಿಕ್ಕಿಗೂ ಅಡ್ಡಾದಿಡ್ಡಿ ಬಿದ್ದ ಸಾವಿರಾರು ಗೀರುಗಳು. ಬೆಳಕು ಬಂದ ದಾರಿಗೆ ಅಡ್ಡಲಾಗಿರುವ ಗೀರು ಮಾತ್ರ ಅದನ್ನು ನಮ್ಮ ಕಣ್ಣಿಗೆ ತಿರುಗಿಸುತ್ತದೆ, ಉಳಿದವು ಬೇರೆ ಕಡೆ ಚೆಲ್ಲುತ್ತವೆ. ಕಣ್ಣಿಗೆ ಬಿದ್ದ ಗೀರುಗಳಷ್ಟೇ ಸೇರಿ ಉಂಗುರದಂತೆ ತೋರುತ್ತವೆ. ದಿನವೂ ಉಜ್ಜಿ ಬೆಳಗಿದ ಸ್ಟೀಲ್ ತಟ್ಟೆಯನ್ನು ಕಿಟಕಿಯ ಬಿಸಿಲಿಗೆ ಹಿಡಿದರೂ ಇದೇ ಕಾಣುತ್ತದೆ. ಬಿಳಿ ಕಾರಿಗೂ ಇಂಥ ಗೀರುಗಳು ಬೀಳುತ್ತವೆ. ಕೆಳಗಿನ ಬಿಳಿಯಿಂದ ಹೊಮ್ಮುವ ಬೆಳಕಿನಲ್ಲಿ ಅವು ಅಡಗಿಹೋಗುತ್ತವೆ, ಅಷ್ಟೆ.

ಈ ಬಲೆ ಕಂಡ ಕೂಡಲೇ ಹೆಚ್ಚಿನವರು ‘ರಬ್ಬಿಂಗ್’, ಅಂದರೆ ಮಷೀನಿನಿಂದ ಪಾಲಿಶ್, ಮಾಡಿಸುತ್ತಾರೆ. ನಾನೂ ಮಾಡಿಸಿದ್ದೆ. ನನ್ನ ಮೊದಲ ಕಾರು ಗಾಢ ನೀಲಿ. ಪ್ರತಿ ಸರ್ವೀಸಿನ ಬಿಲ್ಲಿನ ಕೊನೆಯ ಸಾಲಿನಲ್ಲಿ ಪಾಲಿಶ್ ಇರುತ್ತಿತ್ತು, ವರ್ಷಕ್ಕೆರಡು ಸಲದಂತೆ ನಾಲ್ಕು ವರ್ಷ. ಐದನೆಯ ಬೇಸಿಗೆಯಲ್ಲಿ ಬಾನೆಟ್ಟಿನ ಅಂಚಿನುದ್ದಕ್ಕೂ ಬೆರಳಗಲದ ಪಟ್ಟಿಯೊಂದು ಬೂದಿ ಬಳಿದಂತೆ ಮಂಕಾಯಿತು. ಎಷ್ಟು ತೊಳೆದರೂ ಹೋಗಲಿಲ್ಲ. ಹೋಗಲಿಕ್ಕೆ ಅದು ಕೊಳೆಯಾಗಿರಲಿಲ್ಲ. ಅಲ್ಲಿ ಬಣ್ಣದ ಮೇಲಿನ ಪಾರದರ್ಶಕ ಪದರ, ಲ್ಯಾಕರೇ ಉಳಿದಿರಲಿಲ್ಲ. ರಬ್ಬಿಂಗ್ ಎಂದರೆ ಇರುವುದನ್ನು ತೆಗೆಯುವ ಕೆಲಸ ಎಂದು ಆ ನಾಲ್ಕು ವರ್ಷಗಳಲ್ಲಿ ಯಾರೂ ಹೇಳಿರಲಿಲ್ಲ. ಕಾರಿರುವ ಪ್ರತಿ ಮನೆಗೂ ಇದು ಗೊತ್ತಿರಬೇಕು ಎಂದು ನನಗೆ ಬಲವಾಗಿ ಅನಿಸುತ್ತದೆ.

ಕಾರಿನ ಬಣ್ಣದಲ್ಲಿ ಸಾಮಾನ್ಯವಾಗಿ ನಾಲ್ಕು ಪದರಗಳಿವೆ. ತಗಡಿನ ಮೇಲೆ ಮೊದಲು ತುಕ್ಕು ತಡೆಯುವ ಪದರ: ಇಡೀ ಬಾಡಿಯನ್ನು ತೊಟ್ಟಿಯಲ್ಲಿ ಮುಳುಗಿಸಿ, ವಿದ್ಯುತ್ ಹಾಯಿಸಿ ಕೂರಿಸಿದ್ದು, ಸುಮಾರು 20 ಮೈಕ್ರಾನ್. ಅದರ ಮೇಲೆ ಪ್ರೈಮರ್, ಸುಮಾರು 30. ನಾವು ಬಣ್ಣ ಎಂದು ಕರೆಯುವುದು 15ರ ಆಸುಪಾಸು. ಎಲ್ಲಕ್ಕೂ ಮೇಲೆ 35ರಿಂದ 50 ಮೈಕ್ರಾನ್ ಕ್ಲಿಯರ್ ಕೋಟ್, ಗ್ಯಾರೇಜಿನವರ ಬಾಯಲ್ಲಿ ಲ್ಯಾಕರ್. ಮೈಕ್ರಾನ್ ಎಂದರೆ ಮಿಲಿಮೀಟರಿನ ಸಾವಿರ ಪಾಲಿನಲ್ಲಿ ಒಂದು. ನಾಲ್ಕೂ ಪದರ ಸೇರಿದರೆ ಒಂದು ಪ್ರಿಂಟರ್ ಹಾಳೆಗಿಂತ ತುಸು ದಪ್ಪ; ಲ್ಯಾಕರ್ ಒಂದನ್ನೇ ತೆಗೆದುಕೊಂಡರೆ ತಲೆಗೂದಲಿಗಿಂತ ತೆಳು.

ಗೀರು ಎಂಬುದು ಇದರೊಳಗಿನ ಪುಟ್ಟ ಕಣಿವೆ. ಪಾಲಿಶ್ ಮಾಡುವವರು ಆ ಕಣಿವೆಯನ್ನು ತುಂಬುವುದಿಲ್ಲ, ಸುತ್ತಲಿನ ನೆಲವನ್ನೇ ಅದರ ತಳದ ಮಟ್ಟಕ್ಕೆ ಇಳಿಸುತ್ತಾರೆ. ಪ್ಯಾಡಿಗೆ ಹಚ್ಚಿ ಉಜ್ಜುವ ಪೇಸ್ಟಿಗೆ ಕಾಂಪೌಂಡ್ ಎನ್ನುತ್ತಾರೆ. ಬಹುತೇಕ ಕಾಂಪೌಂಡುಗಳಲ್ಲಿರುವುದು ಅಲ್ಯೂಮಿನಿಯಂ ಆಕ್ಸೈಡಿನ ಸಣ್ಣ ಹರಳು. ಮಾಣಿಕ್ಯ, ನೀಲಮಣಿಗಳದ್ದೂ ಇದೇ ವಸ್ತು. ಅದು ಲ್ಯಾಕರನ್ನು ಗಂಧದ ಕೊರಡಿನಂತೆ ತೇಯುತ್ತದೆ. ಪರಿಮಳ ಸಿಗುತ್ತದೆ, ಕೊರಡು ಸಣ್ಣದಾಗುತ್ತದೆ. ಎರಡು ಮೂರು ಸಲ ತೊಳೆಯುವಷ್ಟರಲ್ಲಿ ಬಲೆ ಮತ್ತೆ ಕಂಡರೆ ಗೀರು ಹೋಗಿಯೇ ಇರಲಿಲ್ಲ, ಎಣ್ಣೆಯಂಥ ಗ್ಲೇಜ್ ತುಂಬಿ ಮುಚ್ಚಿದ್ದರು ಎಂದು ತಿಳಿಯಿರಿ. ‘ಪಾಲಿಶ್ ನಿಲ್ಲಲಿಲ್ಲ’ ಎಂದು ಮತ್ತೆ ಮಾಡಿಸುವ ಮುಂಚೆ ಇದನ್ನು ನೆನೆಯಬೇಕು.

ಒಂದು ಸಲಕ್ಕೆ ಎಷ್ಟು ಸವೆಯುತ್ತದೆ ಎಂಬುದು ಪ್ಯಾಡ್, ಕಾಂಪೌಂಡ್, ಲ್ಯಾಕರಿನ ಗಡಸುತನ, ಮಷೀನ್ ಹಿಡಿದ ಕೈ ಎಲ್ಲದರ ಮೇಲೂ ನಿಂತಿದೆ. ಉಣ್ಣೆ ಪ್ಯಾಡ್ ಹಾಕಿ ಒರಟಾಗಿ ತೇಯುವ ಕಟಿಂಗಿಗೆ 3ರಿಂದ 5 ಮೈಕ್ರಾನ್ ಹೋಗಬಹುದು. ಮೃದು ಫೋಮ್ ಪ್ಯಾಡಿನಲ್ಲಿ ನವಿರಾಗಿ ಹೊಳಪು ಕೊಡುವ ಫಿನಿಶಿಂಗಿಗೆ 1 ಮೈಕ್ರಾನ್, ಕೆಲವೊಮ್ಮೆ ಅದಕ್ಕೂ ಕಡಿಮೆ. ಹಾಗಾದರೆ 40 ಮೈಕ್ರಾನಿನಲ್ಲಿ ಹತ್ತು ಸಲ ಕಟಿಂಗ್ ಮಾಡಿಸಬಹುದಲ್ಲ ಎಂದು ಲೆಕ್ಕ ಹಾಕಬೇಡಿ. ಬಿಸಿಲಿನ ಅತಿನೇರಳೆ ಕಿರಣಗಳನ್ನು ಹೀರುವ ರಾಸಾಯನಿಕಗಳಿರುವುದು ಲ್ಯಾಕರಿನಲ್ಲೇ. ಅದು ತೆಳುವಾದಷ್ಟೂ ಕಿರಣಗಳು ಕೆಳಗಿಳಿದು ಬಣ್ಣಕ್ಕೂ ಲ್ಯಾಕರಿಗೂ ಇರುವ ಹಿಡಿತವನ್ನು ಸಡಿಲಿಸುತ್ತವೆ. ಆಮೇಲೆ ಹಾವು ಪೊರೆ ಬಿಟ್ಟಂತೆ ಸಿಪ್ಪೆ ಏಳುತ್ತದೆ. ಹೆಚ್ಚಾಗಿ ಮೊದಲು ಏಳುವುದು ಟಾಪು, ಬಾನೆಟ್ಟಿನಲ್ಲಿ. ಸೂರ್ಯನಿಗೆ ಮುಖ ಮಾಡಿ ಮಲಗಿರುವುದು ಅವೇ. ಆಗ ಹೊಸದಾಗಿ ಪೇಂಟ್ ಹೊಡೆಸದೆ ಗತಿಯಿಲ್ಲ. ಕಾರಿನ ಇಡೀ ಆಯಸ್ಸಿನಲ್ಲಿ ಏಳೆಂಟು ಮೈಕ್ರಾನಿಗಿಂತ ಹೆಚ್ಚು ತೆಗೆಯಬಾರದು ಎಂಬುದು ಈ ಕಸುಬಿನಲ್ಲಿ ನಡೆದುಬಂದಿರುವ ಅಂದಾಜು.

ಆ ಏಳೆಂಟನ್ನು ಹಂಚಿ ನೋಡಿ. ಕಟಿಂಗ್ ಒಂದು ಸಲ, ಆಗ ಕಡಿಮೆ ಸವೆದಿದ್ದು ತೀರಾ ಬೇಕಾದರೆ ಮಾತ್ರ ಇನ್ನೊಂದು ಸಲ. ಅದರ ನಡುವೆ ಫಿನಿಶಿಂಗ್ ಎರಡು ಮೂರು ವರ್ಷಕ್ಕೊಮ್ಮೆ, ಅದೂ ಟಾರ್ಚಿನ ಬೆಳಕಿನಲ್ಲಿ ಬಲೆ ಕಂಡರೆ ಮಾತ್ರ. ಆರು ತಿಂಗಳಿಗೊಮ್ಮೆ ಎಂಬ ವಾಯಿದೆಗೆ ಯಾವ ಆಧಾರವೂ ಇಲ್ಲ. ಲ್ಯಾಕರಿನ ರಕ್ಷಣೆಗೆ ವ್ಯಾಕ್ಸ್, ಸೀಲಂಟ್ ಹಚ್ಚುವುದು ಬೇರೆ ಮಾತು. ಹರಳು ಬೆರೆಸದ ವ್ಯಾಕ್ಸ್ ಏನನ್ನೂ ತೆಗೆಯುವುದಿಲ್ಲ, ಬೇಕಾದಷ್ಟು ಸಲ ಹಚ್ಚಿ. ಸೆರಾಮಿಕ್ ಕೋಟಿಂಗ್ ವಿಷಯದಲ್ಲಿ ಮಾತ್ರ ಒಂದು ಎಚ್ಚರ ಬೇಕು. ಅದನ್ನು ಹಚ್ಚುವ ಮುನ್ನ ಸಾಮಾನ್ಯವಾಗಿ ಪಾಲಿಶ್ ಮಾಡುತ್ತಾರೆ. ವರ್ಷ ವರ್ಷ ಹೊಸ ಕೋಟಿಂಗ್ ಎಂದರೆ ವರ್ಷ ವರ್ಷ ತೇಯುವುದು ಎಂದೇ ಆಗಬಹುದು, ಮೊದಲೇ ಕೇಳಿಕೊಳ್ಳಿ.

ಒಳ್ಳೆಯ ಕೆಲಸಗಾರ ಮಷೀನ್ ಮುಟ್ಟುವ ಮೊದಲು ಥಿಕ್‌ನೆಸ್ ಮೀಟರ್ ಹಿಡಿಯುತ್ತಾನೆ. ಅದು ತಗಡಿನಿಂದ ಮೇಲ್ಮೈವರೆಗಿನ ಒಟ್ಟು ದಪ್ಪವನ್ನಷ್ಟೇ ಹೇಳುತ್ತದೆ. ಅದರಲ್ಲಿ ಲ್ಯಾಕರ್ ಎಷ್ಟು ಎಂದು ಹೇಳುವುದಿಲ್ಲ. ಪ್ಲಾಸ್ಟಿಕ್ ಬಂಪರಿನ ಮೇಲೆ ಸಾಮಾನ್ಯ ಮೀಟರ್ ನಡೆಯುವುದೂ ಇಲ್ಲ. ಆದರೂ ಉಪಯೋಗವಿದೆ. ಎಲ್ಲ ಕಡೆ 120 ಇದ್ದು ಒಂದು ಕಡೆ 90 ಬಂದರೆ ಅಲ್ಲಿ ಹಿಂದೆ ಯಾರೋ ತೇದಿರಬಹುದು. 300 ಬಂದರೆ ಅದು ಮರುಬಣ್ಣ ಕಂಡ ಬಾಗಿಲು. ಸೆಕೆಂಡ್ ಹ್ಯಾಂಡ್ ಕಾರು ಕೊಳ್ಳುವವರಿಗೆ ಇದು ಇಂಜಿನ್ ಸದ್ದು ಕೇಳಿದಷ್ಟೇ ಮುಖ್ಯ. ಬಿಳಿ ಪ್ಯಾಡಿಗೆ ಕಾರಿನ ಬಣ್ಣ ಅಂಟತೊಡಗಿದರೆ ಆ ಕ್ಷಣವೇ ಕೈ ನಿಲ್ಲಬೇಕು: ಒಂದೋ ಅದು ಲ್ಯಾಕರೇ ಇಲ್ಲದ ಒಂಟಿ ಪದರದ ಹಳೆಯ ಬಣ್ಣ, ಇಲ್ಲವೇ ಲ್ಯಾಕರ್ ತೂತಾಗಿದೆ.

ನನ್ನ ನೀಲಿ ಕಾರು ಅಂಚಿನಲ್ಲೇ ಯಾಕೆ ಕೆಟ್ಟಿತು ಎಂಬುದು ಆಮೇಲೆ ತಿಳಿಯಿತು. ಹಸಿ ಲ್ಯಾಕರ್ ಮೊನಚು ಅಂಚಿನಿಂದ ಹಿಂದೆ ಸರಿದು ಸಪಾಟು ಕಡೆಗೆ ಜಾರಿಕೊಳ್ಳುತ್ತದೆ. ಹಾಗಾಗಿ ಅಂಚಿನಲ್ಲಿ ಪದರ ಹುಟ್ಟುವಾಗಲೇ ತೆಳು. ಪ್ಯಾಡ್ ಅಲ್ಲಿಗೆ ಬಂದಾಗ ಅಂಗೈಯಗಲ ಹರಡಿದ್ದ ಒತ್ತಡ ಒಂದು ಗೆರೆಯ ಮೇಲೆ ಕೂರುತ್ತದೆ, ಬಿಸಿಯೂ ಅಲ್ಲೇ ಏರುತ್ತದೆ. ಬಲ್ಲವರು ಅಂಚಿಗೆ, ಬಾಡಿಯ ಮಡಿಕೆ ಗೆರೆಗಳಿಗೆ ಟೇಪ್ ಅಂಟಿಸಿಯೇ ಕೆಲಸ ಶುರುಮಾಡುತ್ತಾರೆ. ಒಂದೇ ದಿಕ್ಕಿಗೆ ಗಿರಗಿರ ತಿರುಗುವ ರೋಟರಿಗಿಂತ, ತಿರುಗುತ್ತಲೇ ಓಲಾಡುವ ಡಿಎ (ಡ್ಯುಯಲ್ ಆ್ಯಕ್ಷನ್) ಮಷೀನ್ ಬಿಸಿ ಕಡಿಮೆ ಮಾಡುತ್ತದೆ. ನಿಮ್ಮ ಕಾರಿಗೆ ಯಾವುದು ಹಾಕುತ್ತಾರೆ ಎಂದು ಕೇಳುವ ಹಕ್ಕು ನಿಮಗಿದೆ.

ಇಷ್ಟಕ್ಕೂ ಗೀರು ಬೀಳುವುದೆಲ್ಲಿಂದ? ಬೆಂಗಳೂರು, ಕೋಲಾರ, ಮೈಸೂರು ಕಡೆಯ ಕೆಂಪು ಮಣ್ಣು ಬಹುಪಾಲು ಗ್ರಾನೈಟ್ ಜಾತಿಯ ಕಲ್ಲು ಬಿಸಿಲು ಮಳೆಗೆ ಶಿಥಿಲವಾಗಿ ಆದದ್ದು. ಆ ಕಲ್ಲಿನ ಮಿಕ್ಕ ಹೆಚ್ಚಿನ ಖನಿಜಗಳು ಸವೆದರೂ ಸ್ಫಟಿಕದ (ಕ್ವಾರ್ಟ್ಜ್) ಕಣಗಳು ಹಾಗೇ ಉಳಿಯುತ್ತವೆ. ಗಾಜನ್ನೇ ಗೀರಬಲ್ಲ ಕಣ ಅದು. ಲ್ಯಾಕರ್ ಅದಕ್ಕೆ ಯಾವ ಲೆಕ್ಕ! ಬೆಳಗ್ಗೆ ಆರಕ್ಕೆ ಅಪಾರ್ಟ್‌ಮೆಂಟಿನ ಕೆಳಗೆ ಒಂದು ಬಕೆಟ್ ನೀರು, ಒಂದು ಬಟ್ಟೆಯಲ್ಲಿ ಇಪ್ಪತ್ತು ಕಾರು ಒರೆಸಬೇಕಾದವರ ಬಟ್ಟೆಯಲ್ಲಿ ಈ ಕಣಗಳು ಸೇರುತ್ತಲೇ ಹೋಗುತ್ತವೆ. ತಪ್ಪು ಅವರದಲ್ಲ, ನಾವು ಕೊಟ್ಟ ನೀರು, ಸಮಯ ಅಷ್ಟೇ. ಒಣ ಧೂಳನ್ನು ಒರೆಸದೆ ಮೊದಲು ನೀರು ಹೊಯ್ದು ಇಳಿಸಿ, ಶಾಂಪೂ ನೀರಿಗೊಂದು, ಬಟ್ಟೆ ಜಾಲಿಸಲು ಇನ್ನೊಂದು ಬಕೆಟ್ ಇಟ್ಟುಕೊಂಡರೆ ಬಲೆ ಕಟ್ಟುವುದು ಎಷ್ಟೋ ನಿಧಾನವಾಗುತ್ತದೆ. ನಾನು ನಮ್ಮ ಕಾರು ಒರೆಸುವವರೊಂದಿಗೆ ಮಾತಾಡಿ, ಸಂಬಳ ಅಷ್ಟೇ ಇಟ್ಟು, ದಿನಾ ಒರೆಸುವುದನ್ನು ಬಿಡಿಸಿ ವಾರಕ್ಕೆ ಎರಡು ಸಲ ತೊಳೆಯುವುದಕ್ಕೆ ಇಳಿಸಿದೆ. ಹಕ್ಕಿ ಹಿಕ್ಕೆ ಬಿದ್ದರೆ ಮಾತ್ರ ಕಾಯುವುದಿಲ್ಲ, ಒದ್ದೆ ಬಟ್ಟೆ ಹೊದಿಸಿ ನೆನೆಸಿ ಆಗಲೇ ಎತ್ತುತ್ತೇವೆ. ಬೋರ್‌ವೆಲ್ ನೀರಾದರೆ ಬಿಸಿಲಿಗೆ ಒಣಗಲು ಬಿಡಬಾರದು. ಅದರ ಸುಣ್ಣದ ಕಲೆ ತೆಗೆಯಲು ಮತ್ತೆ ಪಾಲಿಶ್ ಹತ್ತಿರವೇ ಹೋಗಬೇಕಾಗಬಹುದು.

ಈಗಿನ ಕಾರಿನ ಎಡ ಬಾಗಿಲಲ್ಲಿ ಗೇಟು ತಾಗಿದ ಗೀರೊಂದಿದೆ. ಉಗುರು ಆಡಿಸಿದರೆ ಸಿಕ್ಕಿಕೊಳ್ಳುತ್ತದೆ. ಉಗುರಿಗೆ ಸಿಗುವಷ್ಟು ಆಳದ ಗೀರನ್ನು ತೇದು ತೆಗೆಯಹೊರಟರೆ ಸುತ್ತಲಿನ ಲ್ಯಾಕರ್ ಉಳಿಯುವುದಿಲ್ಲ. ಮೊನ್ನೆ ಅದರ ಪಕ್ಕದಲ್ಲಿ ಮೀಟರ್ ಹಿಡಿಸಿದೆ. 118 ತೋರಿಸಿತು, ಕೊಂಡ ವರ್ಷ ಬರೆದಿಟ್ಟುಕೊಂಡಷ್ಟೇ. ಗೀರನ್ನು ಹಾಗೇ ಬಿಟ್ಟಿದ್ದೇನೆ.